ತಾಳ ತಪ್ಪಿದ ಹೃದಯ: ವಿದ್ಯುತ್ತಿನ ಮೂಲವನ್ನು ತೋರುವ ನಕ್ಷೆ

ನಾಡಿ ನೋಡುವುದು ನಮ್ಮ ನಾಡಿನಲ್ಲಿ ಬಹುಕಾಲದಿಂದ ಬಂದ ಪದ್ಧತಿ. ಮಣಿಕಟ್ಟಿನ ಮೇಲೆ ಬೆರಳಿಟ್ಟಾಗ ಒಂದೇ ಸಮನೆ ತಟ್ಟುವ ನಾಡಿಯು, ಹೃದಯವು ಕ್ರಮ ತಪ್ಪದೆ ದುಡಿಯುತ್ತಿದೆಯೆಂಬುದಕ್ಕೆ ಸಾಕ್ಷಿ. ಆದರೆ ಕೆಲವರ ನಾಡಿಯಲ್ಲಿ ಈ ಕ್ರಮವೇ ಇರುವುದಿಲ್ಲ. ಎರಡು ಬಡಿತಗಳು ಬೆನ್ನುಬೆನ್ನಿಗೆ ಬಂದರೆ ಮೂರನೆಯದು ತಡವಾಗಿ ಬರುತ್ತದೆ. ಒಂದು ಬಲವಾಗಿದ್ದರೆ ಮತ್ತೊಂದು ಬೆರಳಿಗೆ ತಾಗುವುದೇ ಇಲ್ಲ. ಎಷ್ಟು ಹೊತ್ತು ಹಿಡಿದು ಕುಳಿತರೂ ಅದಕ್ಕೊಂದು ಲೆಕ್ಕ ಸಿಗದು. ಇಂಥ ನಾಡಿಯ ಹಿಂದೆ ಬಹುಮಟ್ಟಿಗೆ ಇರುವ ಕಾಯಿಲೆಯನ್ನು ವೈದ್ಯರು ಏಟ್ರಿಯಲ್ ಫಿಬ್ರಿಲೇಷನ್ ಎಂದು ಕರೆಯುತ್ತಾರೆ. ನಾವು ಅದನ್ನು ಹೃತ್ಕರ್ಣದ ಕಂಪನವೆನ್ನಬಹುದು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಕಡೆ ಮನೆಯ ಹಿರಿಯರು “ಎದೆ ಹಾರುತ್ತಿದೆ”, “ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು ಬರುತ್ತದೆ” ಎಂದರೆ, “ಗ್ಯಾಸ್ಟ್ರಿಕ್ ಇರಬೇಕು”, “ವಯಸ್ಸಾಯಿತಲ್ಲ” ಎಂದು ಸಮಾಧಾನ ಹೇಳಿ ಸುಮ್ಮನಾಗುವುದುಂಟು. ಕೆಲವರಿಗೆ ಆ ಮಟ್ಟಿನ ಸೂಚನೆಯೂ ಇರುವುದಿಲ್ಲ. ಒಂದು ಬೆಳಗ್ಗೆ ಬಾಯಿ ಸೊಟ್ಟಗಾಗಿ ಒಂದು ಕಡೆಯ ಕೈಕಾಲು ಬಿದ್ದುಹೋದಾಗಲೇ, ಅಂದರೆ ಲಕ್ವ ಹೊಡೆದಾಗಲೇ, ಹೃದಯದ ಈ ದೋಷವು ಮೊದಲ ಬಾರಿಗೆ ಬೆಳಕಿಗೆ ಬರುತ್ತದೆ. ಆದ್ದರಿಂದ ಈ ಕಾಯಿಲೆಯ ಮೂಲವನ್ನು ವಿಜ್ಞಾನವು ಹೇಗೆ ಹುಡುಕಿತು, ಆ ಹುಡುಕಾಟದಿಂದ ನಮ್ಮ ಸೀಮೆಯ ಕುಟುಂಬಗಳಿಗೆ ಎಷ್ಟು ಪ್ರಯೋಜನ, ಎಲ್ಲಿ ಅದರ ಮಿತಿ ಎಂಬುದನ್ನು ತಿಳಿದಿರುವುದು ಅಗತ್ಯ.

ಹೃದಯದೊಳಗಿನ ವಿದ್ಯುತ್ತು

ಹೃದಯದಲ್ಲಿ ನಾಲ್ಕು ಕೋಣೆಗಳಿವೆ. ಮೇಲಿನ ಎರಡಕ್ಕೆ ಹೃತ್ಕರ್ಣಗಳೆಂದೂ ಕೆಳಗಿನ ಎರಡಕ್ಕೆ ಹೃತ್ಕುಕ್ಷಿಗಳೆಂದೂ ಹೆಸರು. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ ಜೀವಕೋಶಗಳ ಒಂದು ಪುಟ್ಟ ಗಂಟು ಇದೆ. ಅದೇ ಸೈನಸ್ ಗಂಟು. ವಿಶ್ರಾಂತಿಯಲ್ಲಿರುವಾಗ ಅಲ್ಲಿ ನಿಮಿಷಕ್ಕೆ 60ರಿಂದ 100 ಸಲ ಅತಿ ಸೂಕ್ಷ್ಮವಾದ ವಿದ್ಯುತ್ ಸ್ಪಂದನ ಹುಟ್ಟುತ್ತದೆ. ಆ ಸ್ಪಂದನವು ಅಲೆಯಂತೆ ಎರಡೂ ಹೃತ್ಕರ್ಣಗಳಲ್ಲಿ ಹರಡಿ, ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿರುವ ಇನ್ನೊಂದು ಗಂಟಿನಲ್ಲಿ ಕ್ಷಣಕಾಲ ತಡೆದು, ಬಳಿಕ ಹೃತ್ಕುಕ್ಷಿಗಳಿಗೆ ಇಳಿಯುತ್ತದೆ. ಅಲೆ ಮುಟ್ಟಿದೆಡೆಯ ಸ್ನಾಯು ಸಂಕುಚಿಸುತ್ತದೆ. ಮೊದಲು ಮೇಲಿನ ಕೋಣೆಗಳು ರಕ್ತವನ್ನು ಕೆಳಕ್ಕೆ ನೂಕುತ್ತವೆ. ಆಮೇಲೆ ಕೆಳಗಿನ ಕೋಣೆಗಳು ಅದನ್ನು ಶ್ವಾಸಕೋಶಗಳಿಗೂ ಮೈಗೆಲ್ಲಕ್ಕೂ ತಲುಪಿಸುತ್ತವೆ.

ಕಂಪನವುಂಟಾದಾಗ ಸೈನಸ್ ಗಂಟಿನ ಮಾತು ನಡೆಯುವುದಿಲ್ಲ. ಹೃತ್ಕರ್ಣಗಳ ಬೇರೆ ಬೇರೆ ಭಾಗಗಳಲ್ಲಿ ನಿಮಿಷಕ್ಕೆ 350ರಿಂದ 600ರಷ್ಟು ಸ್ಪಂದನಗಳೆದ್ದು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಸ್ನಾಯು ಸಂಕುಚಿಸುವ ಬದಲು ಅದುರುತ್ತಿರುತ್ತದೆ. ನಡುವಿನ ಗಂಟು ಅವೆಲ್ಲವನ್ನೂ ಕೆಳಕ್ಕೆ ಬಿಡುವುದಿಲ್ಲ. ಹಾಗೆ ಬಿಟ್ಟಿದ್ದರೆ ಮನುಷ್ಯ ಬದುಕುಳಿಯುತ್ತಿರಲಿಲ್ಲ. ಆದರೂ ಗೊತ್ತುಗುರಿಯಿಲ್ಲದೆ ಕೆಲವು ಸ್ಪಂದನಗಳು ಇಳಿದುಬರುವುದರಿಂದ ನಾಡಿಯು ಅಡ್ಡಾದಿಡ್ಡಿಯಾಗುತ್ತದೆ.

ಅಪಾಯವಿರುವುದು ನಾಡಿಯ ಅಂಕುಡೊಂಕಿನಲ್ಲಷ್ಟೇ ಅಲ್ಲ, ನಿಂತ ರಕ್ತದಲ್ಲಿಯೂ. ಎಡ ಹೃತ್ಕರ್ಣಕ್ಕೆ ಅಂಟಿದಂತೆ ಕಿವಿಯ ಹಾಲೆಯನ್ನು ಹೋಲುವ ಒಂದು ಸಣ್ಣ ಚೀಲವಿದೆ. ಹೃತ್ಕರ್ಣವು ಬರಿದೆ ಅದುರುತ್ತಿರುವಾಗ ಆ ಮೂಲೆಯ ರಕ್ತ ಹರಿಯದೆ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನ ಒಂದು ತುಣುಕು ಕಳಚಿ ಮೆದುಳಿನ ರಕ್ತನಾಳದಲ್ಲಿ ಸಿಕ್ಕಿಕೊಂಡರೆ ಲಕ್ವ ಹೊಡೆಯುತ್ತದೆ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನ ನಿವಾಸಿಗಳನ್ನು ದಶಕಗಳ ಕಾಲ ಗಮನಿಸಿದ ವೈದ್ಯರು, ಈ ಕಾಯಿಲೆಯಿದ್ದವರಿಗೆ ಲಕ್ವದ ಸಂಭವ ಸುಮಾರು 5 ಪಟ್ಟು ಹೆಚ್ಚೆಂದು ಕಂಡುಕೊಂಡರು. ಹೃದಯದ ಕವಾಟವೂ ಕೆಟ್ಟಿದ್ದವರಲ್ಲಿ ಅದು 17 ಪಟ್ಟು ಹೆಚ್ಚೆಂದು ಅವರು 1978ರಲ್ಲಿಯೇ ವರದಿ ಮಾಡಿದ್ದರು. ಈ ಎರಡನೆಯ ಅಂಕಿಯನ್ನು ಓದುಗರು ನೆನಪಿನಲ್ಲಿಡಬೇಕು. ಅದು ನಮ್ಮ ಸೀಮೆಗೆ ಹತ್ತಿರದ ಮಾತು.

ಮೂಲದ ಹುಡುಕಾಟ

ಹಾಲೆಂಡಿನ ಲೈಡನ್ ನಗರದಲ್ಲಿದ್ದ ವಿಲೆಮ್ ಐಂತೋವನ್ ಎಂಬ ವಿಜ್ಞಾನಿಯು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೃದಯದ ವಿದ್ಯುತ್ತನ್ನು ಮೈಮೇಲಿನಿಂದಲೇ ನಿಖರವಾಗಿ ಗುರುತಿಸುವ ಯಂತ್ರವನ್ನು ರೂಪಿಸಿದನು. ಇಂದು ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ತೆಗೆಯುವ ಇ.ಸಿ.ಜಿ.ಯ ಮೂಲ ಇದೇ. 1906ರಲ್ಲಿ ಅವನು ಪ್ರಕಟಿಸಿದ ರೇಖೆಗಳಲ್ಲಿ ಕಂಪಿಸುವ ಹೃತ್ಕರ್ಣದ ರೇಖೆಯೂ ಇತ್ತು. 1909ರಲ್ಲಿ ಲಂಡನ್ನಿನ ಥಾಮಸ್ ಲೂಯಿಸ್ ಮತ್ತು ವಿಯೆನ್ನಾದ ಇಬ್ಬರು ವೈದ್ಯರು ಕ್ರಮಗೆಟ್ಟ ನಾಡಿಗೆ ಹೃತ್ಕರ್ಣದ ಕಂಪನವೇ ಕಾರಣವೆಂದು ತೋರಿಸಿಕೊಟ್ಟರು. ಐಂತೋವನ್‌ಗೆ 1924ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಕಾಯಿಲೆಯ ಗುರುತು ಸಿಕ್ಕಿತು, ಮೂಲ ಸಿಗಲಿಲ್ಲ. ಮೈಮೇಲಿನ ಇ.ಸಿ.ಜಿ.ಯು ಒಳಗೆ ಗದ್ದಲವಿದೆಯೆಂದು ಹೇಳಬಲ್ಲದೇ ಹೊರತು, ಗದ್ದಲ ಎದ್ದ ಜಾಗ ಯಾವುದೆಂದು ಹೇಳಲಾರದು. 1959ರಲ್ಲಿ ಅಮೆರಿಕದ ಗಾರ್ಡನ್ ಮೋ ಎಂಬ ವಿಜ್ಞಾನಿಯು, ಇದಕ್ಕೆ ಒಂದು ಮೂಲವೇ ಬೇಕಿಲ್ಲ, ಹಲವಾರು ಅಲೆಗಳು ಒಡೆಯುತ್ತ ಕೂಡುತ್ತ ತಾವಾಗಿಯೇ ಮುಂದುವರಿಯಬಲ್ಲವು ಎಂಬ ಸಿದ್ಧಾಂತವನ್ನು ಮುಂದಿಟ್ಟನು. ಅದನ್ನು ಅನುಸರಿಸಿ ಸೇಂಟ್ ಲೂಯಿಸ್ ನಗರದ ಶಸ್ತ್ರವೈದ್ಯ ಜೇಮ್ಸ್ ಕಾಕ್ಸ್ 1987ರಲ್ಲಿ, ಹೃತ್ಕರ್ಣದ ಗೋಡೆಯನ್ನು ಹಲವು ಸಾಲುಗಳಲ್ಲಿ ಕೊಯ್ದು ಹೊಲಿದು, ಅಲೆಗಳು ಸುತ್ತಾಡದಂತೆ ತಡೆಯುವ ಶಸ್ತ್ರಚಿಕಿತ್ಸೆಯನ್ನು ಆರಂಭಿಸಿದನು. ಫಲ ಸಿಕ್ಕಿತಾದರೂ ಅದು ಎದೆಯನ್ನು ತೆರೆದು ಮಾಡಬೇಕಾದ ಭಾರೀ ಚಿಕಿತ್ಸೆಯಾಗಿತ್ತು.

ಹುಡುಕಾಟದ ದಿಕ್ಕು ಬದಲಾದುದು 1998ರಲ್ಲಿ. ಫ್ರಾನ್ಸಿನ ಬೋರ್ಡೊ ನಗರದ ಮಿಷೆಲ್ ಹೈಸಗೇರ್ ಮತ್ತು ಸಂಗಡಿಗರು, ಬಿಟ್ಟು ಬಿಟ್ಟು ಕಂಪನ ಬರುತ್ತಿದ್ದ 45 ರೋಗಿಗಳ ಹೃದಯದೊಳಗೆ ವಿದ್ಯುತ್ ಗ್ರಹಿಸುವ ತೆಳುವಾದ ತಂತಿಗಳನ್ನು ಕಳುಹಿಸಿ, ಕಂಪನ ಏಳುವ ಕ್ಷಣಕ್ಕಾಗಿ ಕಾದರು. ಮೊದಲ ಕಿಡಿ ಹಾರಿದ ಜಾಗಗಳು ಒಟ್ಟು 69 ಸಿಕ್ಕವು. ಅವುಗಳಲ್ಲಿ ನೂರಕ್ಕೆ 94ರಷ್ಟು ಇದ್ದುದು ಹೃತ್ಕರ್ಣದ ನಡುಮಧ್ಯದಲ್ಲಲ್ಲ. ಶ್ವಾಸಕೋಶಗಳಿಂದ ಶುದ್ಧರಕ್ತವನ್ನು ಹೊತ್ತು ತಂದು ಎಡ ಹೃತ್ಕರ್ಣಕ್ಕೆ ಸುರಿಯುವ ನಾಲ್ಕು ಅಭಿಧಮನಿಗಳ ಒಳಗೆ! ಹೃತ್ಕರ್ಣದ ಸ್ನಾಯುವು ತೋಳಿನ ಹಾಗೆ ಆ ನಾಳಗಳೊಳಕ್ಕೂ ಸ್ವಲ್ಪ ದೂರ ಚಾಚಿಕೊಂಡಿರುತ್ತದೆ. ಕೆಲವರಲ್ಲಿ ಆ ಸ್ನಾಯುವಿನಿಂದ ಅಕಾಲದಲ್ಲಿ ಸ್ಪಂದನಗಳೆದ್ದು ಇಡೀ ಹೃತ್ಕರ್ಣವನ್ನು ಕದಡಿಬಿಡುತ್ತವೆ. ಅಂದಮೇಲೆ ನಾಳಗಳ ಬಾಯಿಯ ಸುತ್ತ ವಿದ್ಯುತ್ತು ದಾಟದಂತೆ ಬೇಲಿ ಹಾಕಿದರೆ, ಕಿಡಿ ಅಲ್ಲಿಯೇ ಉಳಿದುಹೋಗುತ್ತದೆ.

ನಕ್ಷೆ ಬರೆಯುವ ಬಗೆ

ಬೇಲಿ ಹಾಕಬೇಕಾದರೆ ಜಾಗದ ನಕ್ಷೆ ಬೇಕು. ಹೃದಯವಾದರೋ ಕಣ್ಣಿಗೆ ಕಾಣದು, ಒಂದು ಕ್ಷಣವೂ ನಿಲ್ಲದು. ವೈದ್ಯರು ರೋಗಿಯ ತೊಡೆಸಂದಿನ ಅಭಿಧಮನಿಯ ಮೂಲಕ ಕ್ಯಾಥೆಟರ್ ಎಂಬ ತೆಳುನಳಿಕೆಗಳನ್ನು ಬಲ ಹೃತ್ಕರ್ಣದವರೆಗೆ ತೂರಿಸಿ, ನಡುಗೋಡೆಯಲ್ಲಿ ಸೂಜಿಯಿಂದ ಸಣ್ಣ ರಂಧ್ರ ಮಾಡಿ ಎಡ ಹೃತ್ಕರ್ಣವನ್ನು ಪ್ರವೇಶಿಸುತ್ತಾರೆ. ಎದೆಯನ್ನು ತೆರೆಯುವ ಅಗತ್ಯವಿಲ್ಲ. ನಳಿಕೆಯ ತುದಿಯಲ್ಲಿ ವಿದ್ಯುತ್ ಗ್ರಹಿಸುವ ಪುಟ್ಟ ಲೋಹದ ಉಂಗುರಗಳಿರುತ್ತವೆ.

1990ರ ದಶಕದಲ್ಲಿ ಬಂದ ಒಂದು ವ್ಯವಸ್ಥೆಯಲ್ಲಿ ರೋಗಿ ಮಲಗಿದ ಮೇಜಿನ ಕೆಳಗೆ ದುರ್ಬಲವಾದ ಅಯಸ್ಕಾಂತ ಕ್ಷೇತ್ರವನ್ನು ಉಂಟುಮಾಡುತ್ತಾರೆ. ಅದರ ನೆರವಿನಿಂದ ನಳಿಕೆಯ ತುದಿ ಈಗ ಎಲ್ಲಿದೆಯೆಂದು ಕಂಪ್ಯೂಟರ್ ಗುರುತಿಸುತ್ತದೆ. ತುದಿಯು ಗೋಡೆಯನ್ನು ಮುಟ್ಟಿದ ಪ್ರತಿ ಬಿಂದುವಿನಲ್ಲಿ ಎರಡು ಸಂಗತಿಗಳನ್ನು ದಾಖಲಿಸಲಾಗುತ್ತದೆ. ಅಲೆ ಅಲ್ಲಿಗೆ ಯಾವ ಕ್ಷಣದಲ್ಲಿ ಬಂದಿತು ಎಂಬುದು ಮೊದಲನೆಯದು; ಅಲ್ಲಿನ ವಿದ್ಯುತ್ತು ಎಷ್ಟು ಪ್ರಬಲವಾಗಿದೆ ಎಂಬುದು ಎರಡನೆಯದು. ಹೀಗೆ ನೂರಾರು, ಈಗಿನ ಉಪಕರಣಗಳಲ್ಲಿ ಸಾವಿರಾರು, ಬಿಂದುಗಳು ಸೇರಿ ಪರದೆಯ ಮೇಲೆ ಹೃತ್ಕರ್ಣದ ಬಣ್ಣಬಣ್ಣದ ಆಕೃತಿ ಮೂಡುತ್ತದೆ. ಅಲೆ ಎಲ್ಲಿಂದ ಹೊರಟು ಎತ್ತ ಸಾಗಿತೆಂಬುದನ್ನು ಬಣ್ಣವೇ ಹೇಳುತ್ತದೆ. ವಿದ್ಯುತ್ತು ಕ್ಷೀಣವಾಗಿರುವ ಕಡೆ ಸ್ನಾಯು ಸತ್ತು ಕಲೆಗಟ್ಟಿದೆಯೆಂದು ತಿಳಿಯಬೇಕು.

ನಕ್ಷೆ ಸಿದ್ಧವಾದ ಬಳಿಕ ನಾಳಗಳ ಬಾಯಿಯ ಸುತ್ತ ರೇಡಿಯೋ ತರಂಗದ ಶಾಖದಿಂದ ಬಿಂದುಬಿಂದುವಾಗಿ ಸುಡುತ್ತಾರೆ; ಇಲ್ಲವೆ ಬಲೂನಿನಿಂದ ಅತಿಶೀತ ಕೊಟ್ಟು ಹೆಪ್ಪುಗಟ್ಟಿಸುತ್ತಾರೆ. ಇತ್ತೀಚೆಗೆ, ಅತ್ಯಲ್ಪ ಅವಧಿಯ ವಿದ್ಯುತ್ ಮಿಡಿತಗಳನ್ನು ಹಾಯಿಸಿ ಸ್ನಾಯುಕೋಶಗಳನ್ನು ನಿಷ್ಕ್ರಿಯಗೊಳಿಸುವ ವಿಧಾನಕ್ಕೆ 2021ರಲ್ಲಿ ಯುರೋಪಿನಲ್ಲಿಯೂ 2023ರ ಕೊನೆಯಲ್ಲಿ ಅಮೆರಿಕದಲ್ಲಿಯೂ ಅನುಮತಿ ದೊರೆಯಿತು. ಮೂರರ ಗುರಿಯೂ ಒಂದೇ, ವಿದ್ಯುತ್ತಿಗೆ ಬೇಲಿ.

ಇದು ಪವಾಡವೆಂದು ಭ್ರಮಿಸಬೇಕಿಲ್ಲ. ಬಿಟ್ಟು ಬಿಟ್ಟು ಬರುವ ಕಂಪನವಿದ್ದ 762 ಮಂದಿಯಲ್ಲಿ ಶಾಖ ಮತ್ತು ಶೀತ ವಿಧಾನಗಳೆರಡನ್ನೂ ಹೋಲಿಸಿ 2016ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನದಲ್ಲಿ, ಒಂದು ವರ್ಷದೊಳಗೆ ಎರಡೂ ಗುಂಪುಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ರೋಗಿಗಳಿಗೆ ಚಿಕಿತ್ಸೆ ಪೂರ್ಣ ಫಲ ಕೊಡಲಿಲ್ಲ. ಹೃದಯದ ಸುತ್ತ ರಕ್ತ ಸೋರುವುದು, ಲಕ್ವ ಮೊದಲಾದ ತೊಡಕುಗಳು ಅಪರೂಪವಾದರೂ ಇಲ್ಲದೆ ಇಲ್ಲ. ಖರ್ಚೂ ಸಣ್ಣದಲ್ಲ.

ಸುಳಿಯೋ, ಚದುರಿದ ಅಲೆಯೋ?

ಕಂಪನವು ಬಿಟ್ಟು ಬಿಟ್ಟು ಬರುವುದನ್ನು ನಿಲ್ಲಿಸಿ ಶಾಶ್ವತವಾಗಿ ನೆಲೆಸಿಬಿಟ್ಟರೆ ನಾಳಗಳ ಬೇಲಿಯೊಂದೇ ಅನೇಕರಿಗೆ ಸಾಲದು. ಆಗ ಗದ್ದಲವನ್ನು ಜೀವಂತವಾಗಿಟ್ಟಿರುವುದು ಯಾವುದು? ಈ ಪ್ರಶ್ನೆಯ ಮೇಲೆ ವಿಜ್ಞಾನಿಗಳಲ್ಲಿ ಇಂದಿಗೂ ಒಮ್ಮತವಿಲ್ಲ.

ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಅರ್ಕಾವತಿಯು ಕಾವೇರಿಯನ್ನು ಕೂಡಿ, ಮುಂದೆ ಮೇಕೆದಾಟಿನ ಇಕ್ಕಟ್ಟಿನಲ್ಲಿ ನುಗ್ಗುವ ನೀರನ್ನು ಕಂಡವರಿಗೆ ಸುಳಿಯೆಂದರೇನೆಂದು ವಿವರಿಸಬೇಕಾಗಿಲ್ಲ. ಕೆಲವು ಸುಳಿಗಳು ಒಂದು ಬಂಡೆಯ ಮಗ್ಗುಲಲ್ಲಿ ನೆಲೆಯಾಗಿ ತಿರುಗುತ್ತವೆ. ಕೆಲವು ಹರಿವಿನೊಡನೆ ಅಲೆದು ಮಾಯವಾಗುತ್ತವೆ. ಹೃದಯದ ಸ್ನಾಯುವಿನಲ್ಲಿಯೂ ಇಂಥ ವಿದ್ಯುತ್ ಸುಳಿಗಳು ಏಳುತ್ತವೆಂಬುದನ್ನು 1990ರ ದಶಕದಲ್ಲಿ ಪ್ರಯೋಗಾಲಯಗಳಲ್ಲಿ ಕಣ್ಣಾರೆ ಕಾಣಲಾಯಿತು.

ಈ ವಿಷಯದಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೊಡುಗೆಯೂ ಇದೆ. ಅಲ್ಲಿನ ಭೌತವಿಜ್ಞಾನಿ ರಾಹುಲ್ ಪಂಡಿತ್ ಅವರು ಸೀತಾಭ್ರ ಸಿನ್ಹಾ ಮತ್ತು ಅಶ್ವಿನ್ ಪಾಂಡೆ ಅವರೊಡನೆ, ಹೃದಯಸ್ನಾಯುವಿನ ಗಣಿತ ಮಾದರಿಯನ್ನು ಕಂಪ್ಯೂಟರಿನಲ್ಲಿ ಓಡಿಸಿ, ಸುಳಿಗಳ ಗೊಂದಲವನ್ನು ಸಣ್ಣ ಪ್ರಮಾಣದ ವಿದ್ಯುತ್ತಿನಿಂದಲೇ ಅಡಗಿಸುವ ಉಪಾಯವೊಂದನ್ನು 2001ರಲ್ಲಿ ಪ್ರಕಟಿಸಿದರು. 2007ರಲ್ಲಿ ಟಿ. ಕೆ. ಶಾಜಹಾನ್, ಸಿನ್ಹಾ ಮತ್ತು ಪಂಡಿತ್ ಅವರು ಇನ್ನೊಂದು ಸಂಗತಿಯನ್ನು ತೋರಿಸಿದರು. ಸ್ನಾಯುವಿನಲ್ಲಿ ಕಲೆಯಂಥ ಅಡ್ಡಿಯಿದ್ದಾಗ ಸುಳಿಯು ಅದಕ್ಕೆ ಕಚ್ಚಿಕೊಳ್ಳುವುದೋ, ಒಡೆದು ಚೂರಾಗುವುದೋ, ಹೊರಟುಹೋಗುವುದೋ ಎಂಬುದು ಆ ಅಡ್ಡಿ ಇರುವ ಜಾಗವನ್ನು ಬಹು ಸೂಕ್ಷ್ಮವಾಗಿ ಅವಲಂಬಿಸಿದೆ. ಜಾಗ ತುಸು ಆಚೀಚೆಯಾದರೂ ಫಲಿತಾಂಶ ಬೇರೆಯಾಗುತ್ತದೆ. ಈ ಲೆಕ್ಕಗಳು ಕೆಳಗಿನ ಕೋಣೆಗಳಿಗೆ ಸಂಬಂಧಿಸಿದವು. ಆದರೂ ಒಬ್ಬ ರೋಗಿಗೆ ಒಗ್ಗಿದ ನಕ್ಷೆ ಮತ್ತೊಬ್ಬನಿಗೆ ಏಕೆ ಒಗ್ಗಲಾರದೆಂಬುದನ್ನು ಅರಿಯಲು ಅವು ನೆರವಾಗುತ್ತವೆ.

ರೋಗಿಗಳಲ್ಲಿ ಈ ಸುಳಿಗಳನ್ನೇ ಹುಡುಕಿ ಸುಡುವ ಯತ್ನ ನಡೆಯಿತು. ಬುಟ್ಟಿಯಂತೆ ಬಿಚ್ಚಿಕೊಳ್ಳುವ 64 ಗ್ರಾಹಕಗಳ ಕ್ಯಾಥೆಟರ್ ಬಳಸಿ ಅಮೆರಿಕದ ಸಂಜೀವ್ ನಾರಾಯಣ್ ಅವರ ತಂಡವು 2012ರಲ್ಲಿ ಉತ್ತಮ ಫಲವನ್ನು ವರದಿ ಮಾಡಿತು. ಬಳಿಕ ನಡೆದ ದೊಡ್ಡ ಪರೀಕ್ಷೆಯಲ್ಲಿ ಆ ಲಾಭ ಉಳಿಯಲಿಲ್ಲ. 589 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಮತ್ತೊಂದು ಪರೀಕ್ಷೆಯು, ನಾಳಗಳ ಬೇಲಿಯ ಜೊತೆಗೆ ಹೆಚ್ಚುವರಿಯಾಗಿ ಸುಡುವುದರಿಂದ ಪ್ರಯೋಜನವಿಲ್ಲವೆಂದಿತು. 2025ರಲ್ಲಿ 374 ರೋಗಿಗಳ ಅಧ್ಯಯನವೊಂದು ಮತ್ತೆ ಆಸೆ ಹುಟ್ಟಿಸಿತು. ಎಲ್ಲಿ ಸುಡಬೇಕೆಂಬುದನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ ಆರಿಸಿದಾಗ, ಒಂದು ವರ್ಷದ ಬಳಿಕ ನೂರರಲ್ಲಿ 88 ಮಂದಿ ಕಂಪನದಿಂದ ಮುಕ್ತರಾಗಿದ್ದರು. ಬರಿಯ ಬೇಲಿಯ ಗುಂಪಿನಲ್ಲಿ 70 ಮಂದಿ. ಆದರೆ ಹೃತ್ಕರ್ಣದ ಇತರ ಲಯದೋಷಗಳನ್ನೂ ಸೇರಿಸಿ ಎಣಿಸಿದಾಗ, ಒಂದೇ ಸಲದ ಚಿಕಿತ್ಸೆಯಲ್ಲಿ ಎರಡು ಗುಂಪುಗಳಿಗೂ ಅಂತರ ಕಾಣಲಿಲ್ಲ. ನಕ್ಷೆಯ ಕೆಲಸ ಇನ್ನೂ ಮುಗಿದಿಲ್ಲ.

ನಮ್ಮ ಸೀಮೆಯ ಮಾತು

2007ರಲ್ಲಿ ರಾಮನಗರ ಜಿಲ್ಲೆಯಾಗಿ ರೂಪುಗೊಂಡು, 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯೆಂಬ ಹೆಸರು ಪಡೆದ ಈ ಸೀಮೆಯ ನಾಲ್ಕು ಪಟ್ಟಣಗಳೂ ಬೆಂಗಳೂರಿನಿಂದ ಹೆಚ್ಚುಕಡಿಮೆ 60 ಕಿ.ಮೀ. ಒಳಗಿವೆ. ಸರ್ಕಾರದ ಸ್ವಾಯತ್ತ ಸಂಸ್ಥೆಯಾದ ಶ್ರೀ ಜಯದೇವ ಹೃದ್ರೋಗ ವಿಜ್ಞಾನ ಮತ್ತು ಸಂಶೋಧನಾ ಸಂಸ್ಥೆಯು ಬಸ್ಸಿನ ದಾರಿಯಲ್ಲಿಯೇ ಸಿಗುವಷ್ಟು ಹತ್ತಿರ. ಆದರೆ ಅಲ್ಲಿಗೆ ಬರುವ ಗ್ರಾಮೀಣ ರೋಗಿಗಳಲ್ಲಿ ಅನೇಕರ ಕಾಯಿಲೆಯ ಕಥೆ ಬೋರ್ಡೊ ನಗರದ ರೋಗಿಗಳ ಕಥೆಯಂತಲ್ಲ.

ನಮ್ಮಲ್ಲಿ ಕಂಪನಕ್ಕೆ ಒಂದು ಮುಖ್ಯ ಕಾರಣ ರುಮ್ಯಾಟಿಕ್ ಜ್ವರ. ಬಾಲ್ಯದಲ್ಲಿ ಒಂದು ಬಗೆಯ ರೋಗಾಣುವಿನಿಂದ ಬಂದ ಗಂಟಲುನೋವನ್ನು ಕಡೆಗಣಿಸಿದರೆ, ಕೆಲವು ಮಕ್ಕಳಿಗೆ ವಾರಗಳ ಬಳಿಕ ಕೀಲುಗಳು ಊದಿಕೊಂಡು ಜ್ವರ ಬರುತ್ತದೆ. ಕೀಲುನೋವು ವಾಸಿಯಾಗುತ್ತದೆ, ಹೃದಯದ ಕವಾಟಕ್ಕಾದ ಗಾಯ ಉಳಿಯುತ್ತದೆ. ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟವು ವರ್ಷಗಳು ಕಳೆದಂತೆ ದಪ್ಪಗಾಗಿ, ಅಂಟಿಕೊಂಡು, ಕಿರಿದಾಗುತ್ತದೆ. ಅದರ ಹಿಂದಿನ ಹೃತ್ಕರ್ಣವು ಒತ್ತಡದಿಂದ ಹಿಗ್ಗಿ, ಉದ್ದಗಲಕ್ಕೂ ಕಲೆಗಟ್ಟುತ್ತದೆ. ಆಗ ಕಂಪನದ ಮೂಲ ನಾಲ್ಕು ನಾಳಗಳಲ್ಲಿ ಮಾತ್ರ ಇರುವುದಿಲ್ಲ. ಇಡೀ ಹೃತ್ಕರ್ಣವೇ ಮೂಲವಾಗಿಬಿಡುತ್ತದೆ. ಇಲ್ಲಿ ಮೊದಲು ಸರಿಪಡಿಸಬೇಕಾದುದು ಕವಾಟವನ್ನು.

ಕಿರಿದಾದ ಕವಾಟವನ್ನು ತೊಡೆಯ ನಾಳದ ಮೂಲಕ ಬಲೂನು ಕಳುಹಿಸಿ ಬಿಡಿಸುವ ಚಿಕಿತ್ಸೆಯಲ್ಲಿ ಜಯದೇವ ಸಂಸ್ಥೆಗೆ ವಿಶೇಷ ಅನುಭವವಿದೆ. ಹೃತ್ಕರ್ಣದಲ್ಲಿ ಹೆಪ್ಪು ಇದ್ದವರಿಗೂ ಎಚ್ಚರಿಕೆಯಿಂದ ಈ ಚಿಕಿತ್ಸೆ ಮಾಡಿದ ಅನುಭವವನ್ನು ಡಾ. ಸಿ. ಎನ್. ಮಂಜುನಾಥ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದರು. ಮೈಟ್ರಲ್ ಕವಾಟ ಕಿರಿದಾದವರಲ್ಲಿ ನಾಡಿಯಿನ್ನೂ ಕ್ರಮವಾಗಿರುವಾಗಲೇ ಕೆಲವರಿಗೆ ಹೆಪ್ಪುಗಟ್ಟಿರುತ್ತದೆಂಬುದನ್ನು 2011ರಲ್ಲಿ ತೋರಿಸಿದವರೂ ಅವರೇ. ಕವಾಟದ ದೋಷವಿದ್ದವರು ನಾಡಿ ಸರಿಯಿದೆಯೆಂದು ಮೈಮರೆಯಬಾರದೆಂಬುದು ಇದರಿಂದ ಕಲಿಯಬೇಕಾದ ಪಾಠ. ಬಹುಕಾಲ ಆ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಮಂಜುನಾಥ್, 2024ರಲ್ಲಿ ಈ ನಾಲ್ಕು ತಾಲ್ಲೂಕುಗಳೂ ಸೇರಿರುವ ಬೆಂಗಳೂರು ಗ್ರಾಮಾಂತರ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದರು.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧದಲ್ಲಿಯೂ ನಮ್ಮವರಿಗೆ ಬೇರೆ ನಿಯಮವುಂಟು. ಪದೇ ಪದೇ ರಕ್ತಪರೀಕ್ಷೆ ಬೇಡದ ಹೊಸ ಮಾತ್ರೆಗಳು ಕವಾಟ ಸರಿಯಿರುವವರಿಗೆ ಅನುಕೂಲವಾಗಿವೆ. ಆದರೆ ಭಾರತವೂ ಸೇರಿ 24 ದೇಶಗಳ ಸುಮಾರು 4,500 ರುಮ್ಯಾಟಿಕ್ ಹೃದ್ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರಿವರಾಕ್ಸಬಾನ್ ಎಂಬ ಹೊಸ ಮಾತ್ರೆಗಿಂತ ವಾರ್ಫರಿನ್ ಗುಂಪಿನ ಹಳೆಯ ಮಾತ್ರೆಯನ್ನು ಪಡೆದವರಲ್ಲಿಯೇ ಸಾವು ಕಡಿಮೆಯಾಗಿತ್ತು. ಆದ್ದರಿಂದ ಮೈಟ್ರಲ್ ಕವಾಟ ಕಿರಿದಾದವರು, ಲೋಹದ ಕವಾಟ ಹಾಕಿಸಿಕೊಂಡವರು ನೆರೆಮನೆಯವರ ಮಾತು ಕೇಳಿ ಮಾತ್ರೆ ಬದಲಿಸಬಾರದು.

ಮನೆಯವರು ಮಾಡಬೇಕಾದುದು

ನಾಡಿ ನೋಡುವುದನ್ನು ಮನೆಯ ಒಬ್ಬರಾದರೂ ಕಲಿಯಬೇಕು. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳುಗಳನ್ನು ಮೆಲ್ಲನೆ ಒತ್ತಿ, ಗಡಿಯಾರ ನೋಡುತ್ತ ಒಂದು ನಿಮಿಷ ಎಣಿಸಬೇಕು. ಬಡಿತಗಳ ನಡುವಣ ಅಂತರ ಮತ್ತೆ ಮತ್ತೆ ಬದಲಾಗುತ್ತಿದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆಸಬೇಕು. ಕಂಪನ ಬಂದು ಹೋಗುವಂಥದ್ದಾದರೆ ಒಂದು ಇ.ಸಿ.ಜಿ.ಯಲ್ಲಿ ಸಿಗದೆಯೂ ಹೋಗಬಹುದು. ಎದೆ ಹಾರುತ್ತಿರುವಾಗಲೇ ಹೋಗುವುದು ಮೇಲು. ಕವಾಟದ ಸ್ಥಿತಿ ತಿಳಿಯಲು ಎಕೋ ಪರೀಕ್ಷೆ ಬೇಕು. ಜೊತೆಗೆ ರಕ್ತದೊತ್ತಡವನ್ನೂ ಥೈರಾಯ್ಡನ್ನೂ ಪರೀಕ್ಷಿಸುತ್ತಾರೆ. ಇವೆರಡರ ಏರುಪೇರು, ಮದ್ಯಪಾನ ಮೊದಲಾದವು ಸಹ ಕಂಪನವನ್ನು ಎಬ್ಬಿಸಬಲ್ಲವು. ಬಿ.ಪಿ.ಎಲ್. ಕಾರ್ಡ್ ಇದ್ದವರು ಅದನ್ನು ಒಯ್ದು, ಯಾವ ಚಿಕಿತ್ಸೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬರುತ್ತದೆಂದು ಮೊದಲೇ ವಿಚಾರಿಸಬೇಕು.

ವಾರ್ಫರಿನ್ ಇಲ್ಲವೆ ಅಸಿಟ್ರೋಮ್ ಸೇವಿಸುವವರು ಐ.ಎನ್.ಆರ್. ಎಂಬ ರಕ್ತಪರೀಕ್ಷೆಯನ್ನು ವೈದ್ಯರು ಹೇಳಿದ ದಿನವೇ ಮಾಡಿಸಬೇಕು. ಸಾಮಾನ್ಯವಾಗಿ ಅದು 2 ಮತ್ತು 3ರ ನಡುವೆ ಇರಬೇಕು; ಲೋಹದ ಕವಾಟವಿದ್ದವರಿಗೆ ಅದಕ್ಕಿಂತ ಹೆಚ್ಚು ಬೇಕಾಗಬಹುದು. ನಮ್ಮ ಕಡೆ ಮುದ್ದೆಯ ಜೊತೆಗೆ ಬಸ್ಸಾರು, ಸೊಪ್ಪಿನ ಪಲ್ಯ ನಿತ್ಯದ ಊಟ. ಸೊಪ್ಪಿನಲ್ಲಿರುವ ಕೆ ಜೀವಸತ್ವವು ಈ ಮಾತ್ರೆಯ ಬಲವನ್ನು ಕುಗ್ಗಿಸುತ್ತದೆ. ಹಾಗೆಂದು ಸೊಪ್ಪನ್ನು ಬಿಡಬೇಕಾಗಿಲ್ಲ. ಒಂದು ವಾರ ರಾಶಿ ಸೊಪ್ಪು, ಮರುವಾರ ಏನೂ ಇಲ್ಲ ಎಂಬಂತಾಗದೆ ಪ್ರಮಾಣ ಒಂದೇ ತೆರನಾಗಿದ್ದರೆ ಸಾಕು. ಮಂಡಿನೋವಿನ ಮಾತ್ರೆಯನ್ನಾಗಲಿ ನಾಟಿ ಔಷಧವನ್ನಾಗಲಿ ವೈದ್ಯರನ್ನು ಕೇಳದೆ ಜೊತೆಗೆ ಸೇವಿಸಿದರೆ ರಕ್ತಸ್ರಾವವಾದೀತು. ಚನ್ನಪಟ್ಟಣದಲ್ಲಿ ಲೇತಿನ ಮುಂದೆ ಗೊಂಬೆ ಕಡೆಯುವವರು, ಹಿಪ್ಪುನೇರಳೆ ಸೊಪ್ಪು ಕೊಯ್ಯುವವರು ಗಾಯವಾಗದಂತೆ ಹೆಚ್ಚಿನ ಎಚ್ಚರ ವಹಿಸಬೇಕು. ಹರೆಯದ ಹೆಣ್ಣುಮಕ್ಕಳು ಗರ್ಭ ಧರಿಸುವ ಮೊದಲೇ ವೈದ್ಯರಿಗೆ ತಿಳಿಸಬೇಕು. ವಾರ್ಫರಿನ್ ಭ್ರೂಣಕ್ಕೆ ಹಾನಿಕರ. ಆದರೆ ಹೆದರಿ ತಾವಾಗಿಯೇ ನಿಲ್ಲಿಸಿದರೆ ತಾಯಿಯ ಜೀವಕ್ಕೇ ಅಪಾಯ.

ಬಾಯಿ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ, ಹೊತ್ತು ಎಷ್ಟೆಂದು ನೋಡಿಕೊಂಡು ಕೂಡಲೇ ಲಕ್ವದ ಚಿಕಿತ್ಸೆಯಿರುವ ಆಸ್ಪತ್ರೆಗೆ ಹೊರಡಬೇಕು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು; ಎಲ್ಲ ರೋಗಿಗಳಿಗೂ ಅದನ್ನು ಕೊಡಲಾಗದು. ಸೇವಿಸುತ್ತಿರುವ ಮಾತ್ರೆಗಳ ಚೀಟಿ ಜೊತೆಗಿರಲಿ.

ಮಕ್ಕಳ ಗಂಟಲುನೋವನ್ನು ಲಘುವಾಗಿ ಕಾಣಬಾರದು. ರುಮ್ಯಾಟಿಕ್ ಜ್ವರ ಬಂದ ಮಗುವಿಗೆ ಮೂರು ಅಥವಾ ನಾಲ್ಕು ವಾರಗಳಿಗೊಮ್ಮೆ ಪೆನಿಸಿಲಿನ್ ಚುಚ್ಚುಮದ್ದನ್ನು ವೈದ್ಯರು ಹೇಳಿದಷ್ಟು ವರ್ಷ ತಪ್ಪದೆ ಹಾಕಿಸಬೇಕು. ಜ್ವರ ಮರುಕಳಿಸಿದಷ್ಟೂ ಕವಾಟ ಕೆಡುತ್ತದೆ. ಪರೀಕ್ಷೆಯಿದೆ, ಜಾತ್ರೆಯಿದೆ ಎಂದು ಒಂದು ಸರದಿಯನ್ನೂ ಮುಂದೂಡದೆ, ಮುಂದಿನ ಚುಚ್ಚುಮದ್ದಿನ ದಿನವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುವುದು ಒಳ್ಳೆಯದು.